‘ಎಲ್ಲಾ ಸರಿ ಇದೆ’ ಅಂದರೆ ನಂಬದ ಮನೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೆಯದೊಂದು ಲ್ಯಾಪ್‌ಟಾಪ್ ಇದೆ. ಮುಚ್ಚಳದ ಮೂಲೆ ಒಡೆದು ಟೇಪು ಸುತ್ತಿಸಿಕೊಂಡಿದೆ. ಅದರ ಮುಂದೆ ಕೂತ ಸೊಸೆ, ನಿನ್ನೆ ಅದರೊಳಗೆ ಹಾಕಿದ್ದನ್ನೆಲ್ಲ ಅಳಿಸುತ್ತಿದ್ದಾರೆ. ಎದುರಿನ ಕುರ್ಚಿಯಲ್ಲಿ ಅತ್ತೆ. ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಪುಟ.

‘ಓದ್ಲಾ?’ ಅತ್ತೆ ಕೇಳುತ್ತಾರೆ.

‘ಓದಿ. ಓದಿದ್ದಷ್ಟೇ ಮಾಡ್ತೀನಿ. ಮಧ್ಯ ಬಾಯಿ ಹಾಕ್ಬೇಡಿ ಅತ್ತೆ.’

‘ನಾನ್ಯಾಕೆ ಬಾಯಿ ಹಾಕ್ಲಿ? ನಂಗೇನು ಬರತ್ತೆ ಅಂತ?’

ಇಬ್ಬರ ನಿತ್ಯದ ಪೂಜೆ ಇದು. ಅತ್ತೆ ಒಂದು ಸಾಲು ಓದುತ್ತಾರೆ, ಸೊಸೆ ಅದನ್ನು ಮಾಡುತ್ತಾರೆ. ಸಾಲಿನಲ್ಲಿ ಇಲ್ಲದ್ದನ್ನು ಬೆರಳು ತಾನಾಗಿ ಮಾಡಹೊರಟರೆ ಅತ್ತೆ ಮೇಜು ಕುಟ್ಟುತ್ತಾರೆ.

ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೇನೆ. ಬಿಟ್ಟಿ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡುವವರನ್ನು ಕಂಡರೆ ನನಗೆ ಮೊದಲು ಬರುವುದು ಗೌರವವಲ್ಲ, ಅನುಮಾನ. ಇದರಿಂದ ಇವರಿಗೇನು ಲಾಭ? ನಮ್ಮ ಪತ್ರಿಕೆಯ ಸಂದರ್ಶನಕ್ಕೆ ಒಪ್ಪುವಾಗ ಇವರು ಹಾಕಿದ ಷರತ್ತೂ ವಿಚಿತ್ರವೇ. ಮಾತು ಮುಗಿದ ಮೇಲೆ ನಾನೂ ಆ ಲ್ಯಾಪ್‌ಟಾಪಿನ ಮುಂದೆ ಕೂರಬೇಕಂತೆ. ಯಾಕೆ ಅಂದರೆ ‘ಬನ್ನಿ, ನೋಡೋಣ’ ಅಂದರು. ಅದೂ ನನಗೆ ಹಿಡಿಸಿರಲಿಲ್ಲ.

ಕೆಲಸ ಏನೆಂದರೆ: ವೆಬ್‌ಸೈಟ್ ಕಟ್ಟುವವರಿಗೆ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟುಗಳಿವೆ. ಕಂಬ, ಬಾಗಿಲು ಮೊದಲೇ ನಿಲ್ಲಿಸಿ ಕೊಟ್ಟ ಮನೆಯ ಹಾಗೆ. ಗೋಡೆ, ಬಣ್ಣ ನಿಮ್ಮದು. ಇವರು ನೋಡಿಕೊಳ್ಳುವ ಚೌಕಟ್ಟು ಮುಕ್ತವಾದದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಕಾಸಿಲ್ಲದೆ ಬಳಸಬಹುದು, ತಿದ್ದಿ ಕಳಿಸಬಹುದು. ಅದನ್ನು ಬರೆದವರಿಗೆ ಹೆಸರಿದೆ, ಸಭೆಗಳಲ್ಲಿ ಚಪ್ಪಾಳೆ ಇದೆ. ಆದರೆ ಹೊಸಬರು ಮೊದಲು ಬಂದು ನಿಲ್ಲುವುದು ‘ಶುರು ಮಾಡುವುದು ಹೇಗೆ’ ಎಂಬ ಒಂದು ಪುಟದ ಮುಂದೆ. ಆ ಪುಟವನ್ನು ಕಾಯುವವರು, ದಿನಾ ಲ್ಯಾಪ್‌ಟಾಪ್ ಖಾಲಿ ಮಾಡಿ ಹೊಸಬರ ಹಾಗೆ ಮೊದಲಿಂದ ಮಾಡಿ ನೋಡುವವರು ಇವರು. ಚಪ್ಪಾಳೆ ಹಾಗಿರಲಿ, ಪುಟದ ಅಡಿಯಲ್ಲಿ ಹೆಸರೂ ಇಲ್ಲ.

ಕಾವಲು ಶುರುವಾದದ್ದು ಒಂದು ಪೆದ್ದುತನದಿಂದ. ಆಗ ಆ ಪುಟದಲ್ಲಿ ‘ಹೊಸ ಫೋಲ್ಡರ್ ಹುಟ್ಟುತ್ತದೆ’ ಅಂತಿತ್ತು, ‘ಅದರೊಳಗೆ ಹೋಗಿ’ ಅಂತಿರಲಿಲ್ಲ. ಪಳಗಿದವರ ಬೆರಳು ಹೇಳದಿದ್ದರೂ ಒಳಗೆ ಹೋಗುತ್ತಿತ್ತು. ಹಾಗಾಗಿ ಪುಟ ಬರೆದವರಿಗೂ ತಿದ್ದಿದವರಿಗೂ ಅದು ಕಾಣಲೇ ಇಲ್ಲ. ಹೊಸಬರು ಮಾತ್ರ ಹೊಸ್ತಿಲಲ್ಲೇ ನಿಂತು, ‘ಇದು ನನ್ನ ತಲೆಗೆ ಹತ್ತುವುದಲ್ಲ’ ಅಂದುಕೊಂಡು ವಾಪಸು ಹೋಗುತ್ತಿದ್ದರು. ವಾಪಸು ಹೋದವರು ದೂರು ಬರೆಯುತ್ತಾರೆಯೇ?

‘ನಾನೂ ಹಾಗೇ ಎರಡು ಸಲ ಬಿಟ್ಟು ಹೋಗಿದ್ದೆ,’ ಅನ್ನುತ್ತಾರೆ ಸೊಸೆ. ‘ಮೂರ್ನೇ ಸಲ ಸಿಟ್ಟು ಬಂತು. ತಪ್ಪು ನಂದಲ್ಲ, ಪುಟದ್ದು ಅಂತ ಗೊತ್ತಾದಾಗ ಅತ್ತೆ ಮುಂದೆ ಕೂತು ಅತ್ತುಬಿಟ್ಟೆ.’

‘ಅತ್ತಿದ್ದು ಸಾಕು, ತಿದ್ದು ಅಂದೆ,’ ಅನ್ನುತ್ತಾರೆ ಅತ್ತೆ.

ಅತ್ತೆ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟರೂ ತಪಾಸಣೆಯ ಚಾಳಿ ಬಿಟ್ಟಿಲ್ಲ. ನಾನು ಒಳಗೆ ಬಂದಾಗ ಗುರುತಿನ ಚೀಟಿಯನ್ನು ಎರಡೂ ಬದಿ ತಿರುಗಿಸಿ ನೋಡಿಯೇ ಚಹಾ ಕೊಟ್ಟರು. ಸೊಸೆಗೆ ಹಗಲಿನ ಕೆಲಸ ವಾಷಿಂಗ್ ಮಷೀನ್ ಕಂಪನಿಯೊಂದರ ದೂರುಗಳ ಫೋನು ಎತ್ತುವುದು. ‘ಎಲ್ಲಾ ಸರಿಯಾಗೇ ಮಾಡಿದ್ದೀನಿ ಅಂತ ಕೂಗಾಡ್ತಾರೆ. ನಲ್ಲಿ ತಿರುಗಿಸಿರಲ್ಲ. ಹೊಟ್ಟೆಪಾಡು, ಕೇಳಿಸ್ಕೊಳ್ತೀನಿ.’ ಒಂದೇ ಮನೆಯಲ್ಲಿ ಇಬ್ಬರು ಅನುಮಾನದ ಮನುಷ್ಯರು ಸೇರಿದರೆ ಜಗಳವಾಗಬೇಕಿತ್ತು. ಇಲ್ಲಿ ಒಂದು ಪುಟ ಸರಿಯಾಗಿದೆ.

ದಣಿವು ಮಾತ್ರ ಮುಖದ ಮೇಲೆ ಎದ್ದು ಕಾಣುತ್ತದೆ. ಇದನ್ನು ಇನ್ಯಾರಿಗಾದರೂ ಕೊಟ್ಟು ಹಾಯಾಗಿರಬಾರದೆ? ಕೇಳಿದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನನಗೆ ಕೊಡಿ ಎಂದು ಕೇಳುವವರು ಆಗಲೇ ಬಂದಾಗಿತ್ತು.

ಕೆಲವು ತಿಂಗಳಿಂದ ಒಬ್ಬ ಅಪರಿಚಿತ ಪುಟಕ್ಕೆ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತಿದ್ದಾನೆ. ಕಾಗುಣಿತ, ಅಲ್ಪವಿರಾಮ, ಅಷ್ಟೇ. ಪ್ರತಿ ಪತ್ರದ ಕೊನೆಗೂ ಒಂದು ನಗುವ ಮುಖ. ಅತ್ತೆ ಅವನಿಗೆ ಇಟ್ಟ ಹೆಸರೇ ‘ನಗುಮುಖ’. ಈಚೆಗೆ ಅವನು ಬರೆದ: ನೀವು ತುಂಬಾ ದಣಿದಿದ್ದೀರಿ, ಪುಟದ ಕೀಲಿಕೈ, ಅಂದರೆ ಯಾರನ್ನೂ ಕೇಳದೆ ಅದನ್ನು ತಿದ್ದುವ ಅಧಿಕಾರ, ನನಗೆ ಕೊಡಿ, ನಾನು ನೋಡಿಕೊಳ್ಳುತ್ತೇನೆ. ಚೌಕಟ್ಟಿನ ಉಳಿದ ಉಸ್ತುವಾರಿಗಳಿಗೂ ಅವನೆಂದರೆ ಪ್ರೀತಿ. ಕೊಡ್ತೀರೋ ಇಲ್ಲವೋ, ಇವತ್ತು ಸಂಜೆಯೊಳಗೆ ಹೇಳಿ ಅಂದಿದ್ದಾರೆ.

‘ಅತಿ ವಿನಯ ಧೂರ್ತ ಲಕ್ಷಣ,’ ಅನ್ನುತ್ತಾರೆ ಅತ್ತೆ. ‘ಟಿಕೆಟ್ ಇಲ್ದೋನೇ ಮೊದ್ಲು ಎದ್ದು ನಂಗೆ ಸೀಟು ಕೊಡ್ತಿದ್ದ.’

ಭಯ ಯಾತರದ್ದು ಎಂದು ಸೊಸೆ ಬಿಡಿಸಿ ಹೇಳುತ್ತಾರೆ. ಪುಟ ನೋಡಿ ಕಂಪ್ಯೂಟರಿಗೆ ಕೊಡಬೇಕಾದ ಮೊದಲ ಆಜ್ಞೆ ಒಂದೇ ಸಾಲು. ಚೌಕಟ್ಟನ್ನು ಇಂಥ ವಿಳಾಸದಿಂದ ತರಿಸಿಕೊ ಅನ್ನುತ್ತದೆ. ಹೊಸಬರು ಅದನ್ನು ಓದುವುದಿಲ್ಲ, ನಕಲು ಮಾಡಿ ಅಂಟಿಸುತ್ತಾರೆ. ಆ ವಿಳಾಸದಲ್ಲಿ ಒಂದು ಅಕ್ಷರ ಬದಲಾದರೆ, ಕಳ್ಳನನ್ನು ಅವರೇ ಕೈಹಿಡಿದು ತಮ್ಮ ಕಂಪ್ಯೂಟರಿನೊಳಗೆ ಕರೆದುಕೊಂಡಂತೆ. ‘ನನ್ನ ಮಾತು ನಂಬಿ ಬಂದೋರು ಅವ್ರು. ಅಲ್ಲಿ ಮೋಸ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?’

ನನಗಂತೂ ಇವರ ಮೇಲೇ ಗುಮಾನಿ. ಕುರ್ಚಿ ಬಿಡಲು ಮನಸ್ಸಿಲ್ಲದವರು ಎಲ್ಲ ಕಾಲದಲ್ಲೂ ಹೇಳುವ ಮಾತೇ ಇದು. ಹಾಗೆಂದೇ ಬಿಟ್ಟೆ. ಸೊಸೆ ಸಿಟ್ಟಾಗಲಿಲ್ಲ.

‘ನಂಗೂ ಅದೇ ಅನುಮಾನ. ನಾನೇನು ಸಾಚಾನಾ? ಅದಕ್ಕೇ ನಿನ್ನೆ ಆ ನಗುಮುಖದವ್ರಿಗೆ ಪುಟದ ಒಂದು ನಕಲು ಕಳಿಸಿದೆ. ಖಾಲಿ ಕಂಪ್ಯೂಟರಲ್ಲಿ ಮೊದಲಿಂದ ಕೊನೇವರೆಗೂ ಮಾಡಿ, ಎಲ್ಲಿ ಎಡವಿದ್ರಿ ಹೇಳಿ ಅಂದೆ.’ ಉತ್ತರ ಇವತ್ತು ಬೆಳಗ್ಗೆ ಬಂದಿದೆ. ತೋರಿಸಿದರು: ಎಲ್ಲಾ ಸರಿ ಇದೆ, ಬಹಳ ಚೆನ್ನಾಗಿದೆ. ಕೊನೆಗೆ ನಗುವ ಮುಖ.

‘ಈಗ ನೀವು ಕೂತ್ಕೊಳ್ಳಿ,’ ಅಂದರು ಅತ್ತೆ. ‘ಅದೇ ನಕಲು.’

ಕೂತೆ. ಲ್ಯಾಪ್‌ಟಾಪನ್ನು ಮತ್ತೆ ಖಾಲಿ ಮಾಡಿದ್ದರು, ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನೂ ತೆರೆದಿಟ್ಟಿದ್ದರು. ಮೊದಲ ಎರಡು ಸಾಲು ಸಲೀಸಾಗಿ ಆಯಿತು. ಮೂರನೆಯದರಲ್ಲಿ ‘ಸ್ವಾಗತ ಎಂಬ ಫೈಲ್ ತೆರೆಯಿರಿ’ ಅಂತಿತ್ತು. ಹುಡುಕಿದೆ. ಇಲ್ಲ. ಮೇಲೆ, ಕೆಳಗೆ, ಒಳಗೆ ಹೊಕ್ಕು ನೋಡಿದೆ. ಇಲ್ಲವೇ ಇಲ್ಲ. ಎರಡು ಜೊತೆ ಕಣ್ಣು ನನ್ನ ಕುತ್ತಿಗೆಯ ಮೇಲಿದ್ದವು. ಇಷ್ಟು ಸುಲಭದ್ದೂ ಬಾರದ ದಡ್ಡ ಅಂದುಕೊಂಡಾರು ಅಂತ ನಾಚಿಕೆಯಾಯಿತು.

‘ಹ್ಞಾ, ಆಯ್ತು. ಮುಂದೆ?’ ಅಂದೆ.

‘ಏನಪ್ಪಾ ಆಯ್ತು?’ ಅತ್ತೆಯ ದನಿ ತಣ್ಣಗಿತ್ತು. ಎಷ್ಟೋ ಪ್ರಯಾಣಿಕರು ಆ ದನಿ ಕೇಳಿ ಜೇಬು ತಡಕಿರಬೇಕು.

‘ಅದು... ಸಿಕ್ಕಿಲ್ಲ. ನಂಗೇ ಗೊತ್ತಾಗ್ತಿಲ್ಲ ಅನ್ಸತ್ತೆ.’

ಆ ಹೆಸರಿನ ಫೈಲೇ ಇಲ್ಲವಂತೆ. ಆ ನಕಲಿನಲ್ಲಿ ಮಾತ್ರ ಬೇಕೆಂದೇ ಬರೆದದ್ದು. ಪಳಗಿದವನಾಗಲಿ ಹೊಸಬನಾಗಲಿ, ಯಾರೂ ತೆರೆಯಲಾರದ ಫೈಲು. ನನ್ನನ್ನು ಕರೆಸಿದ್ದೂ ಇದಕ್ಕೇ. ಮೋಸ ಹುಡುಕಲು ಬಂದವನು ನಾನೇ ಸಿಕ್ಕಿಬಿದ್ದಿದ್ದೆ.

ಸೊಸೆಗೆ ಮಾತ್ರ ಗೆದ್ದ ಖುಷಿಯಿರಲಿಲ್ಲ. ‘ನೋಡಿ ಅತ್ತೆ, ಇವ್ರು ಕಳ್ಳರಲ್ಲ, ನಾಚಿಕೆಗೆ ಸುಳ್ಳು ಹೇಳಿದ್ರು. ಆ ನಗುಮುಖದವ್ರೂ ಹಾಗೇ ಇರಬಹುದಲ್ವಾ?’

‘ಇರಬಹುದು. ಟಿಕೆಟ್ ಕಳ್ಕೊಂಡೋರೂ ಇರ್ತಾರೆ. ಇನ್ನೊಂದು ಸಲ ಕೇಳು.’

ಕೇಳಿದರು. ಮೂರನೆಯ ಸಾಲಿನ ಫೈಲು ನಿಮಗೆ ಎಲ್ಲಿ ಸಿಕ್ಕಿತು, ಸಿಗದಿದ್ದರೆ ಸಂಕೋಚ ಬೇಡ, ತಪ್ಪು ನಿಮ್ಮದಲ್ಲ ಅಂತ ಮೆತ್ತಗೇ ಬರೆದರು. ಚಹಾದ ಲೋಟ ಖಾಲಿಯಾಗುವಷ್ಟರಲ್ಲಿ ಉತ್ತರ ಬಂತು: ಹೇಳಿದ ಜಾಗದಲ್ಲೇ ಸಿಕ್ಕಿತು, ಏನೂ ತೊಂದರೆಯಾಗಲಿಲ್ಲ, ಕೀಲಿಕೈ ಯಾವಾಗ ಕೊಡುತ್ತೀರಿ? ಮತ್ತೆ ನಗುವ ಮುಖ.

ಸೊಸೆ ಸಂಜೆಗೆ ಕಾಯದೆ ಉಸ್ತುವಾರಿಗಳಿಗೆ ಬರೆದರು: ಕೊಡುವುದಿಲ್ಲ. ಕಾರಣವನ್ನೂ ಬರೆದರು.

‘ಕಳ್ಳನೋ, ಸೋಮಾರಿಯೋ, ಅದು ನಂಗೆ ಗೊತ್ತಿಲ್ಲ,’ ಅಂತ ನನಗೆ ಹೇಳಿದರು. ‘ಆದ್ರೆ ಎರಡ್ನೇ ಸಲ ಕೇಳಿದ್ದಕ್ಕೆ ನೀವು ನಿಜ ಹೇಳಿದ್ರಿ. ಎಡವಿದೆ ಅಂತ ಬಾಯಿ ಬಿಟ್ಟು ಹೇಳೋ ಒಬ್ರು ಸಿಕ್ಕಿದ್ರೆ, ಕೀಲಿಕೈ ಅವ್ರ ಕೈಗಿಟ್ಟು ಒಂದು ಬೆಳಗ್ಗೆ ಚೆನ್ನಾಗಿ ನಿದ್ದೆ ಮಾಡ್ತೀನಿ. ಅಷ್ಟೇ ಆಸೆ.’

ಅತ್ತೆ ನನ್ನ ಕಡೆ ತಿರುಗಿದರು. ನಾನು ಅಡುಗೆಮನೆಯ ಕಿಟಕಿಯ ಕಡೆ ತಿರುಗಿದೆ.

ಹೊರಡುವ ಮೊದಲು ನಿಜವಾದ ಪುಟವನ್ನೇ ಒಮ್ಮೆ ಮಾಡುತ್ತೇನೆ ಅಂದೆ. ಮಾನ ಉಳಿಸಿಕೊಳ್ಳಬೇಕಲ್ಲ. ಸೊಸೆ ಲ್ಯಾಪ್‌ಟಾಪನ್ನು ಇನ್ನೊಮ್ಮೆ ಖಾಲಿ ಮಾಡಿಕೊಟ್ಟರು, ಅತ್ತೆ ಓದಿದರು. ಎಲ್ಲಾ ಸಾಗಿತು, ಕೊನೆಯ ಆಜ್ಞೆಯವರೆಗೆ. ಅದನ್ನು ಕೊಟ್ಟೊಡನೆ ಕಪ್ಪು ಕಿಟಕಿ ಸುಮ್ಮನೆ ನಿಂತುಬಿಟ್ಟಿತು. ಕಾದೆ. ಗಂಟಲಲ್ಲಿ ಅದೇ ಹಳೆಯ ‘ಆಯ್ತು’ ಬಂದು ನಿಂತಿತ್ತು. ನುಂಗಿಕೊಂಡೆ.

‘ಇಲ್ಲಿ ನಿಂತುಹೋಗಿದೆ. ಕೆಟ್ಟಿದೆಯೋ ಏನೋ, ನಂಗೆ ಗೊತ್ತಾಗ್ತಿಲ್ಲ.’

‘ಕೆಟ್ಟಿಲ್ಲ, ಸೈಟು ಓಡ್ತಾ ಇರೋವರ್ಗೂ ಅದು ಹಾಗೇ...’ ಅನ್ನುತ್ತಿದ್ದ ಸೊಸೆಯ ಮಾತು ಅಲ್ಲೇ ನಿಂತಿತು. ಅತ್ತೆಯ ಕೈಯಿಂದ ಫೋನು ತೆಗೆದುಕೊಂಡು ಆ ಸಾಲನ್ನು ಮತ್ತೆ ಓದಿದರು. ಅದು ನಿಂತ ಹಾಗೆ ಕಾಣುತ್ತದೆ ಅಂತ ಪುಟದಲ್ಲಿ ಎಲ್ಲೂ ಇರಲಿಲ್ಲ. ದಿನಾ ಮಾಡುವ ಅವರಿಗೇ ಅದು ಕಾಣದಾಗಿತ್ತು. ಬೆಳಗ್ಗಿನಿಂದ ಇಲ್ಲದ ಬೆಳಕು ಆ ದಣಿದ ಮುಖಕ್ಕೆ ಬಂತು. ಕುರ್ಚಿ ಎಳೆದುಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ, ಅಲ್ಲೊಂದು ಸಾಲು ಸೇರಿಸಿದರು: ‘ಕಿಟಕಿ ನಿಂತ ಹಾಗೆ ಕಾಣುತ್ತದೆ. ಹೆದರಬೇಡಿ, ನೀವು ಮಾಡಿದ್ದು ಸರಿಯಾಗಿದೆ.’

‘ಇನ್ನು ಇಲ್ಲಿಂದ ಯಾರೂ ವಾಪಸ್ ಹೋಗಲ್ಲ,’ ಅಂದರು.