ಪೆಟ್ಟಿಗೆಯ ಕಣ್ಣಿಗೆ ಕುಂಕುಮ

ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಒಂದು ಬಣ್ಣದ ಹಾಳೆ ಕಾಲ ಮೇಲೆ ಬಿತ್ತು. ಅದರಲ್ಲೊಂದು ಬಿಳೀ ನಾಯಿ. ಕುತ್ತಿಗೆಗೆ ರಿಬ್ಬನ್ನು ಕಟ್ಟಿಸಿಕೊಂಡು, ಆಗಷ್ಟೇ ಹಲ್ಲುಜ್ಜಿದ ಹಾಗೆ ನಗುತ್ತಾ ಸೋಫಾದ ಮೇಲೆ ಕೂತಿದೆ. ಕೆಳಗಿನ ದಪ್ಪಕ್ಷರವನ್ನು ಒಂದೊಂದೇ ಕೂಡಿಸಿ ಓದಿದೆ: ಮನೆಯಲ್ಲಿ ಮುದ್ದುಪ್ರಾಣಿ ಇದೆಯೇ? ಹಳೆಯ ಕಳ್ಳರ ಅಲಾರಂ ಬದಲಿಸಿ, ನಿಶ್ಚಿಂತರಾಗಿರಿ. ನಿಶ್ಚಿಂತೆಯಂತೆ! ಅದನ್ನು ನಾವು ಹೋದ ವರ್ಷವೇ ಗೋಡೆಗೆ ಹೊಡೆಸಿಕೊಂಡೆವು. ಹೇಗಾಯಿತು ಅಂತ ಹೇಳುತ್ತೇನೆ, ಕೇಳಿ.

ನಾವು ದೊಡ್ಡನೆಕ್ಕುಂದಿಯವರು. ರಿಂಗ್ ರೋಡು ಬರುವ ಮೊದಲಿಂದಲೂ ಇಲ್ಲೇ ಇದ್ದೇವೆ. ರಾಗಿ ಬೆಳೆಯುತ್ತಿದ್ದ ಕಡೆ ಈಗ ಬಾಡಿಗೆ ರೂಮುಗಳು ಬೆಳೆದಿವೆ. ಮಗ ಮಂಜನಿಗೆ ಅವನ್ನು ನೋಡಿಕೊಳ್ಳುವುದೇ ಕೆಲಸ. ಸೊಸೆ ಶೋಭಳಿಗೆ ಮಾರತ್ತಹಳ್ಳಿಯಲ್ಲಿ ಬಟ್ಟೆ ಅಂಗಡಿ. ನಾನು ಊಟವಾದ ಮೇಲೆ ದೇವಸ್ಥಾನದ ಜಗಲಿಗೆ ಹೋಗುತ್ತೇನೆ, ದೇವರಿಗಲ್ಲ, ಮಾತಿಗೆ. ಆಗ ಮನೆಯಲ್ಲಿ ಉಳಿಯುವುದು ಕೆಂಚ ಅನ್ನುವ ನಾಯಿ, ಒಂದು ಬೆಕ್ಕು. ಬೆಕ್ಕಿಗೆ ಹೆಸರಿಲ್ಲ. ಕರೆದರೆ ಬಾರದವರಿಗೆ ಹೆಸರು ಯಾಕೆ?

ಕೊನೆಗೆ ಹೊರಟವರು ಬಾಗಿಲ ಪಕ್ಕದ ಗುಂಡಿಗಳಲ್ಲಿ ನಂಬರ್ ಒತ್ತಿ ಅಲಾರಂ ಹಾಕಬೇಕು. ಬಂದವರು ಮತ್ತೆ ನಂಬರ್ ಒತ್ತಿ ತೆಗೆಯಬೇಕು. ಮೆಟ್ಟಿಲ ಎದುರಿನ ಗೋಡೆಯಲ್ಲಿ ಒಂದು ಬಿಳೀ ಪೆಟ್ಟಿಗೆ, ಅದಕ್ಕೊಂದು ಕಣ್ಣು. ಮನೆಯೊಳಗೆ ಏನು ಅಲುಗಿದರೂ ಅದು ಬಾಯಿ ಬಡಿದುಕೊಂಡು ಮಂಜನ ಫೋನಿಗೆ ಚಾಡಿ ಹೇಳುತ್ತದೆ. ಹಳೇ ಪೆಟ್ಟಿಗೆ ಕೆಂಚ ಮೈ ಮುರಿದರೂ ಬಡಿದುಕೊಳ್ಳುತ್ತಿತ್ತು. ಮಂಜ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದು ಓಡಿ ಬಂದರೆ, ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಕೆಂಚ ಬಾಲ ಆಡಿಸುತ್ತಾ ನಿಂತಿರುತ್ತಿತ್ತು.

ಒಂದು ದಿನ ಅವನಿಗೆ ಸಿಟ್ಟು ನೆತ್ತಿಗೇರಿತು. "ಅಮ್ಮಾ, ಹೊಸ ಮಷಿನ್ ಹಾಕಿಸ್ತಾ ಇದ್ದೀನಿ. ಅದಾದ್ಮೇಲೂ ಈ ನಾಯಿಯಿಂದ ಒಂದ್ಸಲ ಬಡ್ಕೊಂಡ್ರೆ ಸೀದಾ ಜಿಗಣಿಗೆ ಕಳಿಸ್ಬಿಡ್ತೀನಿ, ನೋಡ್ತಿರು."

ಜಿಗಣಿಯಲ್ಲಿ ಅವನ ಭಾವಮೈದನ ಕಲ್ಲು ಕೊಯ್ಯುವ ಶೆಡ್ಡಿದೆ. ಅಲ್ಲಿನ ಹಿಂದಿನ ನಾಯಿಯನ್ನು ನಾನು ನೋಡಿದ್ದೇನೆ. ಎರಡು ಮೊಳದ ಸರಪಳಿ, ಮೈ ತುಂಬ ಕಲ್ಲಿನ ಧೂಳು. ಕೊನೆಕೊನೆಗೆ ಗಾಳಿಗೂ ಬೊಗಳುತ್ತಿತ್ತು. ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಾಡುವ ಪೈಕಿ ನಾನಲ್ಲ. ಆದರೆ ಮಾಡದ ತಪ್ಪಿಗೆ ಯಾರನ್ನೂ ಕಟ್ಟಿಹಾಕಬಾರದು.

ನನ್ನ ಅತ್ತೆ ಮುನಿಯಮ್ಮನ ಕಾಲದಲ್ಲೂ ಅಲಾರಂ ಇತ್ತು ಕಣ್ರೀ. ಮಧ್ಯಾಹ್ನ ಒರಗುವ ಮುಂಚೆ ಹಿತ್ತಿಲ ಬಾಗಿಲಿಗೆ ಒಳಗಡೆಯಿಂದ ಐದು ಹಿತ್ತಾಳೆ ಪಾತ್ರೆ, ಒಂದರ ಮೇಲೊಂದು. ಬೆಕ್ಕು ಅಟ್ಟದಿಂದ ಎಲ್ಲಿಗೆ ಹಾರುತ್ತದೆ, ನಾಯಿ ಯಾವ ಸಂದಿಯಲ್ಲಿ ನುಸುಳುತ್ತದೆ ಅಂತ ನೋಡಿಟ್ಟುಕೊಂಡು, ಆ ದಾರಿ ಬಿಟ್ಟೇ ಜೋಡಿಸುತ್ತಿದ್ದಳು. ಪ್ರಾಣಿಗಳಿಂದ ಒಂದು ದಿನವೂ ಬೀಳಲಿಲ್ಲ. ಬಿದ್ದದ್ದು ಒಂದೇ ಸಲ, ಹೆಂಡ ಕುಡಿದು ಸದ್ದಿಲ್ಲದೆ ಒಳಗೆ ಬರಲು ನೋಡಿದ ನನ್ನ ಮಾವನಿಂದ. ಬೀದಿಯೇ ಓಡಿ ಬಂತು. "ಕಳ್ಳ ಸಿಕ್ದ ಬನ್ರಮ್ಮಾ, ಮಕ ನೋಡ್ಕಂಡೋಗಿ" ಅಂತ ಅತ್ತೆ ಗಂಡನನ್ನೇ ತೋರಿಸಿದಳು.

ಮಂಜ ಕರೆಸಿದ ಎಂಜಿನಿಯರಿಗೆ ಅಷ್ಟು ಬುದ್ಧಿಯೂ ಇರಲಿಲ್ಲ. ಟೈ ಇತ್ತು. "ಡಾಗ್ ಎಷ್ಟು ಕೆಜಿ ಸಾರ್?" ಅಂದ. ಮಂಜ ಕೆಂಚನನ್ನು ಮಗುವಿನ ಹಾಗೆ ಎತ್ತಿಕೊಂಡು ತೂಕದ ಯಂತ್ರ ಹತ್ತಿದ. ತನ್ನ ತೂಕ ಕಳೆದು ಇಪ್ಪತ್ತು ಕೆಜಿ ಅಂದ.

"ಪ್ರಾಬ್ಲಮ್ಮೇ ಇಲ್ಲ ಸಾರ್. ಈ ಹೊಸ ಮಾಡೆಲ್ ಅಷ್ಟು ತೂಕದ ಪ್ರಾಣೀನ ಲೆಕ್ಕಕ್ಕೇ ತಗೊಳಲ್ಲ."

"ತೂಕ ಕೇಳ್ದೆ, ಸರಿ. ಎಲ್ಲೆಲ್ಲಿ ಓಡಾಡ್ತದೆ ಅಂತ ಕೇಳ್ಬಾರ್ದೇನಪ್ಪಾ?" ಅಂದೆ ನಾನು.

"ಅದೆಲ್ಲ ಸಾಫ್ಟ್‌ವೇರ್ ನೋಡ್ಕೊಳುತ್ತೆ ಅಜ್ಜಿ."

ಅವನ ಜೊತೆ ಬಂದ ಹುಡುಗರು ಹಳೇ ಪೆಟ್ಟಿಗೆ ಬಿಚ್ಚಿದರು. ಅದೇ ತೂತಿಗೆ, ಅದೇ ಸ್ಕ್ರೂ ಹಾಕಿ ಹೊಸ ಪೆಟ್ಟಿಗೆ ತಿರುಗಿಸಿದರು. ಕಾಫಿ ಕುಡಿದು ಹೋದರು.

ಮೂರನೆಯ ದಿನ ಆಯುಧಪೂಜೆ. ಮನೆ ತುಂಬ ಜನವಿದ್ದುದರಿಂದ ಅಲಾರಂ ಇನ್ನೂ ಹಾಕಿರಲಿಲ್ಲ. ದುಡಿಯುವ ವಸ್ತುಗಳಿಗೆಲ್ಲ ಪೂಜೆ ಮಾಡುವುದು ನನ್ನ ಕೆಲಸ. ಸ್ಕೂಟರು, ಮಿಕ್ಸಿ, ಬೋರಿನ ಮೋಟಾರು, ವೈಫೈ ಡಬ್ಬಿ. ಹೊಸದಾಗಿ ಬಂದದ್ದಕ್ಕೆ ಒಂದು ತೂಕ ಹೆಚ್ಚು. ಸ್ಟೂಲಿನ ಮೇಲೆ ನಿಂತು ಪೆಟ್ಟಿಗೆಗೆ ಮೂರು ಬೆರಳಿನ ಗಂಧ ಬಳಿದೆ, ನಡುವೆ ದಪ್ಪಗೆ ಕುಂಕುಮ. ಅದರ ಹಣೆ ಎಲ್ಲಿ, ಕಣ್ಣು ಎಲ್ಲಿ ಅಂತ ಯಾರಾದರೂ ಬರೆದಿದ್ದರೇ? ಆ ಕುಂಕುಮವನ್ನು ನಮ್ಮಲ್ಲಿ ಒರೆಸುವ ಹಾಗಿಲ್ಲ, ತಾನಾಗಿಯೇ ಉದುರಬೇಕು.

ಆಮೇಲೆ ಪೆಟ್ಟಿಗೆ ಒಂದು ದಿನವೂ ಸದ್ದು ಮಾಡಲಿಲ್ಲ. ಮಂಜನ ಜಂಬ ನೋಡಬೇಕಿತ್ತು. ಬಾಡಿಗೆಯವರನ್ನೆಲ್ಲ ಕರೆದು ತೋರಿಸುತ್ತಿದ್ದ. "ನಾಯಿ ಯಾವ್ದು, ಮನುಷ್ಯ ಯಾರು, ಎಲ್ಲಾ ಗೊತ್ತು ಗುರು ಇದಕ್ಕೆ!"

ಒಂದು ಮಧ್ಯಾಹ್ನ ಜಗಲಿಯಿಂದ ಬಂದವಳು ನಂಬರ್ ಒತ್ತುವುದನ್ನು ಮರೆತು ಒಳಗೆ ಹೋದೆ. ನೀರು ಕುಡಿದೆ, ಕೂತೆ. ಎಷ್ಟೋ ಹೊತ್ತಿನ ಮೇಲೆ ನೆನಪಾಯಿತು. ಎದ್ದು ಪೆಟ್ಟಿಗೆಯ ಮುಂದೆ ಹೋಗಿ ಕೈ ಬೀಸಿದೆ. ಸದ್ದಿಲ್ಲ. ಒಣಗಿದ ಗಂಧವನ್ನು ನೋಡಿದೆ, ಕೆಳಗೆ ಮಲಗಿದ್ದ ಕೆಂಚನನ್ನು ನೋಡಿದೆ. ಅರ್ಥವಾಯಿತು.

ಒರೆಸಿದರೆ ಮತ್ತೆ ಬಡಿದುಕೊಳ್ಳುತ್ತದೆ, ನಾಯಿ ಜಿಗಣಿಗೆ. ಬಾಯಿ ಮುಚ್ಚಿಕೊಂಡೆ.

ಒಂದು ತಿಂಗಳಲ್ಲ, ಐದು ತಿಂಗಳು. ಕಂಪನಿಯವನನ್ನು ಬೈದುಕೊಂಡು ಓಡಾಡಿದವಳು ನಾನೇ, ಕುರುಡು ಪೆಟ್ಟಿಗೆಗೆ ದಿನಾ ನಂಬರ್ ಒತ್ತಿ ನಾಟಕವಾಡಿದವಳೂ ನಾನೇ.

ಆಮೇಲೆ ಶೋಭಳ ತಮ್ಮನ ಮದುವೆ ಬಂತು. ಮೂರು ದಿನ ಎಲ್ಲರೂ ಕೋಲಾರದ ಕಡೆ ಹೋಗಬೇಕು. ಬಾಡಿಗೆಯವರು ನಾಯಿಗೆ ಕಿಟಕಿಯಿಂದ ಅನ್ನ ಹಾಕುತ್ತಾರೆ ಅಂತ ಆಯಿತು. ಶೋಭ ಮದುವೆಗೆ ಹಾಕಿಕೊಂಡು ಉಳಿದ ಒಡವೆಯನ್ನು ಬ್ಯಾಂಕಿನಲ್ಲಿ ಇಟ್ಟು ಬರೋಣ ಅಂದಳು. ಮಂಜ ನಕ್ಕ. "ಬೀರುವಲ್ಲೇ ಇರ್ಲಿ ಬಿಡೇ. ಮಷಿನ್ ಇರೋದು ಯಾಕೆ?"

ತಿನ್ನುತ್ತಿದ್ದ ಮುದ್ದೆಯನ್ನು ತಟ್ಟೆಗಿಟ್ಟೆ. ನೀರು ಕುಡಿದು ಹೇಳಿದೆ. "ಅದು ಕುರುಡು ಕಣೋ. ನಾನೇ ಗಂಧ ಮೆತ್ತಿವ್ನಿ. ನಂಗೊತ್ತಾಗಿ ಬಾಳ ದಿನ ಆಯ್ತು."

"ಗೊತ್ತಿದ್ದೂ ಸುಮ್ನಿದ್ಯಾ?" ಅಂದ ಮಂಜ. ಶೋಭ ಬೀರುವಿನ ಕಡೆ ನೋಡಿದಳು. ಅದು ಹೆಚ್ಚು ಚುಚ್ಚಿತು.

ಮಾರನೇ ದಿನ ಕಂಪನಿಯಿಂದ ಬಂದವನು ಶರಣಪ್ಪ, ಕಲಬುರಗಿ ಕಡೆಯವನು, ನಡುವಯಸ್ಸಿನವನು. ಅವನಿಗೆ ಟೈ ಇರಲಿಲ್ಲ, ಏಣಿ ಇತ್ತು. ಪೆಟ್ಟಿಗೆ ನೋಡಿ ಗಲ್ಲಕ್ಕೆ ಕೈ ಮುಟ್ಟಿಸಿಕೊಂಡು, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ. ಅಲಾರಂ ಹಾಕಿ ಎಲ್ಲರೂ ಹೊರಗೆ ನಿಂತೆವು. ಕೆಂಚ ಮೆಟ್ಟಿಲು ಹತ್ತಿದ್ದೇ ತಡ, ಬೀದಿಗೆಲ್ಲ ಕೇಳುವ ಹಾಗೆ ಬಡಿದುಕೊಂಡಿತು.

"ನೋಡಿದ್ಯಾ? ನಾಯಿದೇ ತಪ್ಪು" ಅಂತ ಮಂಜ ಜಿಗಣಿಗೆ ಫೋನು ಮಾಡಲು ಕೈ ಹಾಕಿದ.

"ನಾಯಿದಲ್ರೀ ಸರ್, ತೂತಿಂದು" ಅಂದ ಶರಣಪ್ಪ. "ಮೆಟ್ಟಲಾ ಎದುರಿಗೇ ಕುಂದರಿಸ್ಯಾರ. ನೆಲದ ಮ್ಯಾಲಿದ್ರ ನಾಯಿ ನಾಯೀನ. ಆರು ಮೆಟ್ಟಲಾ ಏರಿದ್ರ ಮನಶ್ಯಾನ ಎತ್ತರಕ್ಕ ಬಂತಲ್ರೀ. ಪಾಪ, ಪೆಟಗಿಗೇನು ಗೊತ್ತಾಗ್ಬೇಕು?" ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾ, ನಾಯಿ ಎಲ್ಲೆಲ್ಲಿ ಅಡ್ಡಾಡ್ತದ? ಬೆಕ್ಕ ಎಲ್ಲಿ ಜಿಗೀತದ? ತೋರಸ್ರಿ."

ಕೇಳಿದವನು ಅವನೊಬ್ಬನೇ. ಮೊಣಕಾಲು ಹಿಡಿದುಕೊಂಡು ಮನೆಯೆಲ್ಲ ನಡೆದು ತೋರಿಸಿದೆ. ಕೆಂಚನ ದಾರಿ ಇದು, ಬೆಕ್ಕು ಶೋಕೇಸಿನಿಂದ ಹಾರುವುದು ಇಲ್ಲಿ. ಅವನು ಮೆಟ್ಟಿಲೂ ಶೋಕೇಸೂ ಕಾಣದ ಗೋಡೆ ಹುಡುಕಿ, ಹೊಸ ತೂತು ಕೊರೆದು ಪೆಟ್ಟಿಗೆ ಕೂರಿಸಿದ. ಕೆಂಚ ಹತ್ತಿತು, ಇಳಿಯಿತು. ಬೆಕ್ಕು ಹಾರಿತು. ಸದ್ದಿಲ್ಲ. ಮಂಜ ಒಳಗೆ ಕಾಲಿಟ್ಟ, ಬಡಿದುಕೊಂಡಿತು. ಅವನು ಫೋನನ್ನು ಜೇಬಿಗಿಟ್ಟ. ಜಿಗಣಿಯ ಮಾತು ಅಲ್ಲಿಗೆ ನಿಂತಿತು. ಒಡವೆ ಮಾತ್ರ ಬ್ಯಾಂಕಿಗೇ ಹೋಯಿತು. ಶೋಭ ಯಾರನ್ನೂ ಕೇಳದೆ ತಾನೇ ಇಟ್ಟು ಬಂದಳು.

ಇವತ್ತು ಜಗಲಿಯಿಂದ ಬಂದಾಗ ನಂಬರ್ ಮರೆತೆ. ಪೆಟ್ಟಿಗೆ ನನ್ನನ್ನು ಕಳ್ಳಿಯೆಂದು ಸಾರಿತು. ಎದುರುಮನೆಯವರು ಇಣುಕಿ ನೋಡಿದರು. ಕೆಂಚ ನನ್ನ ಮುಂದೆಯೇ ಆಕಳಿಸಿ, ಹಾಯಾಗಿ ಮೆಟ್ಟಿಲು ಹತ್ತಿ ಹೋಯಿತು. ನಾನು ಕಟ್ಟಿಸಿದ ಮನೆಯಲ್ಲಿ ನನಗೆ ನಂಬರ್ ಬೇಕು, ನಾಯಿಗೆ ಬೇಡ. ಮೊದಲಾಗಿದ್ದರೆ ಪೆಟ್ಟಿಗೆಯ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಇವತ್ತು ಸುಮ್ಮನೆ ಗುಂಡಿ ಒತ್ತಿದೆ. ಐದು ತಿಂಗಳು ಈ ಮನೆಗೆ ಮೋಸ ಮಾಡಿದ್ದು ನಾಯಿಯೇನಲ್ಲವಲ್ಲ.