ಐದನೆಯ ಫೋಟೊ

ಎಂಬತ್ತರ ದಶಕದ ಆರಂಭದಲ್ಲಿ, ಬಹರೈನಿನ ನಮ್ಮ ಕಂಪೆನಿಯಲ್ಲಿ ಹೊಸಬರ ಕೆಲಸದ ಪರವಾನಗಿ ಮಾಡಿಸುತ್ತಿದ್ದ ಮಂದೂಬರು, ಅಂದರೆ ಸರಕಾರಿ ಕಾಗದಪತ್ರಕ್ಕೆ ಓಡಾಡುವವರು, ಮಂಗಳೂರು ಕಡೆಯವರು. ಸರಕಾರಿ ಕಚೇರಿಗೆ ನಾಲ್ಕು ಫೋಟೊ ಸಾಕಿತ್ತು. ಇವರು ಐದು ಕೇಳುತ್ತಿದ್ದರು. "ಒಂದು ಹೆಚ್ಚಿಗೆ ಇರ್ಲಿ ಮಾರಾಯ್ರೆ," ಎನ್ನುತ್ತ ಅದನ್ನು ಅಂಗಿಯ ತುದಿಯಿಂದ ಒರೆಸಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಬಡಗಿಯೊಬ್ಬ ಮೂರನೆಯ ಮಾಳಿಗೆಯಿಂದ ಬಿದ್ದು ಸಲ್ಮಾನಿಯಾ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಣವನ್ನು ಊರಿಗೆ ಕಳಿಸುವ ಕಾಗದಕ್ಕೆ ಫೋಟೊ, ಅಲ್ಲಿ ಅದನ್ನು ಪಡೆದುಕೊಳ್ಳುವವರ ಹೆಸರು ಬೇಕಿತ್ತು. ನಾವು ಅವನ ಪೆಟ್ಟಿಗೆ ತಡಕಾಡುತ್ತಿದ್ದಾಗ ಮಂದೂಬರು ಡಬ್ಬಿಗೆ ಕೈ ಹಾಕಿ, ಒಳಗೆ ನೋಡದೆಯೇ, ಅವನದನ್ನು ತೆಗೆದುಕೊಟ್ಟರು.

ಆಮೇಲೆ ಆ ಡಬ್ಬಿಯ ಸದ್ದು ಕೇಳಿದರೆ ಸಾಕು, ನಾವು ಎದ್ದು ಹೊರಗೆ ಹೋಗುತ್ತಿದ್ದೆವು.

"ನನ್ನದು ವಾಪಸು ಕೊಡಿ," ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಊರಿಗೆ ಹೋಗುವಾಗ ಕೊಡ್ತೇನೆ," ಎಂದರು. "ನೀವೇ ಬಂದು ಕೇಳಿದ್ರೆ."

ಏಳು ವರ್ಷದ ನಂತರ, ಕೆಲಸ ಬಿಟ್ಟು ಹೊರಟ ದಿನ, ನಾನೇ ಹೋಗಿ ಕೇಳಿದೆ. ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

ವಿಮಾನದಲ್ಲಿ ಕೂತು ಅದನ್ನು ತಿರುಗಿಸಿದೆ. ಹಿಂಬದಿಯಲ್ಲಿ, ಮಾಸಿದ ಪೆನ್ಸಿಲಿನಲ್ಲಿ, ನಾನು ಬಂದ ದಿನದ ತಾರೀಕು, ನಮ್ಮ ಮನೆಯ ವಿಳಾಸ. ಅದರ ಕೆಳಗೆ 'ಪಡೆದುಕೊಳ್ಳುವವರು' ಎಂದು ಬರೆದು, ನನ್ನ ತಮ್ಮನ ಹೆಸರು.