ಮೊದಲು ತಪ್ಪು ಉತ್ತರ

ಕಾಡುಗೋಡಿಯ ನಮ್ಮ ಸರ್ಕಾರಿ ಸ್ಕೂಲಿಗೆ ಯಾವುದೋ ಕಂಪನಿಯವರು ಕಂಪ್ಯೂಟರ್ ಕೊಟ್ಟಾಗ, ಮಕ್ಕಳಿಗೆ ಭಾಷೆ, ಸಂಸ್ಕೃತಿ ಕಲಿಸಲು ಒಳ್ಳೆಯ ವೆಬ್‌ಸೈಟ್ ಆರಿಸುವ ಕೆಲಸ ಕನ್ನಡ ಟೀಚರ್ ತಲೆಗೆ ಬಿತ್ತು. ಗಣಿತ ಹೇಳಿಕೊಡುತ್ತಿದ್ದ ನಾನು ಪಕ್ಕದಲ್ಲಿ ಕೂರುತ್ತಿದ್ದೆ.

ಅವರಿಗೆ ಮೌಸ್ ಎಂದರೇ ಹೆದರಿಕೆ. ಒಲೆಯ ಮೇಲಿನ ಪಾತ್ರೆ ಇಳಿಸುವವರ ಹಾಗೆ ಸೆರಗಿನ ತುದಿಯಲ್ಲಿ ಹಿಡಿಯುತ್ತಿದ್ದರು. ಹೊಸ ಸೈಟ್ ತೆರೆದರೆ ಹಾಡು, ಚಿತ್ರ ಯಾವುದನ್ನೂ ನೋಡುತ್ತಿರಲಿಲ್ಲ.

"ಮೊದ್ಲು ತಪ್ಪು ಉತ್ತರ ಕೊಟ್ಟು ನೋಡೋಣ ಕಣ್ರೀ. ಮಕ್ಕಳಿಗೆ ಹೇಗೆ ಬೈಯುತ್ತೋ ಏನೋ."

ಸೈಟ್ ಜೋರಾಗಿ ಕಿರುಚಿತೋ, ಬೆಚ್ಚಿಬೀಳುತ್ತಿದ್ದರು. "ಬೇಡಪ್ಪ, ಇದನ್ನ ಕೇಳಿದ್ರೆ ಮಕ್ಕಳು ಬಾಯೇ ಬಿಡಲ್ಲ" ಎಂದು ಮುಚ್ಚಿಬಿಡುತ್ತಿದ್ದರು.

ಒಂದು ಮಧ್ಯಾಹ್ನ 'ನಮ್ಮ ಮನೆ' ಎಂಬ ಪಾಠ ಬಂತು. ಹೆಂಚಿನ ಮನೆ, ದನದ ಕೊಟ್ಟಿಗೆ, ತಗಡಿನ ಶೆಡ್ಡು. ಇವುಗಳಲ್ಲಿ ಜನ ವಾಸಿಸುವುದು ಯಾವುದರಲ್ಲಿ ಅಂತ ಪ್ರಶ್ನೆ. ತಪ್ಪು ಉತ್ತರ ಬೇಕಿತ್ತಲ್ಲ, ಟೀಚರ್ ಯೋಚಿಸದೆ ಶೆಡ್ಡನ್ನು ಒತ್ತಿದರು. ಪರದೆ ಕೆಂಪಾಯಿತು. "ತಪ್ಪು!" ಎಂದು ಸ್ಪೀಕರ್ ಅರಚಿತು.

ಬಾಗಿಲಲ್ಲಿ ಐದನೇ ಕ್ಲಾಸಿನ ಹುಡುಗಿ ನಿಂತಿದ್ದಳು. ಯಾದಗಿರಿ ಕಡೆಯಿಂದ ಅಪಾರ್ಟ್‌ಮೆಂಟ್ ಕಟ್ಟಲು ಬಂದ ಗಾರೆ ಕೆಲಸದವರ ಮಗಳು. ಒಳಗೆ ಕಾಲಿಡದೆ ಕೇಳಿದಳು:

"ಟೀಚರ್, ನಮ್ಮನಿ ಅಂಥಾದ ಐತ್ರೀ. ತಪ್ಪಂದ್ರ... ಕೆಡವ್ತಾರೇನ್ರೀ?"

ಟೀಚರ್ ತಿರುಗಿ ನೋಡಲಿಲ್ಲ. ಒತ್ತಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಬಚ್ಚಿಟ್ಟುಕೊಂಡರು.